ಕೊರಳಿನ ಲಿಂಗ ಕೊಳದ ತಳದಲ್ಲಿ

೧೯೮೬ರ ಮಾತು. ಹುಬ್ಬಳ್ಳಿಯ ಒಂದು ಸೇವಾ ಸಂಸ್ಥೆಯವರು ಪ್ರತಿವರ್ಷ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸುತ್ತಿದ್ದರು. ಆ ವರ್ಷ ಅಣ್ಣಿಗೇರಿಯ ಕಾಳಿನ ವ್ಯಾಪಾರಿಯ ಮಗನಾದ ನನ್ನ ಪಾಳಿ ಬಂತು. ಡೆನ್ಮಾರ್ಕಿನ ಸಣ್ಣ ಊರೊಂದರಲ್ಲಿ ಒಬ್ಬರ ಮನೆಯಲ್ಲಿದ್ದು, ಅಲ್ಲಿನ ಶಾಲೆಗೆ ಮೂರು ತಿಂಗಳು ಹೋಗಬೇಕು. ನನಗಾಗ ಹದಿನಾರು. ಹುಬ್ಬಳ್ಳಿ, ಗದಗಿನ ಆಚೆ ಕಾಲಿಟ್ಟವನಲ್ಲ.

ಹೊರಡುವಾಗ ಎಲ್ಲರೂ ಥಂಡಿಯ ಬಗ್ಗೆ ಹೇಳಿದರೆ, ಅಜ್ಜಿ ಮಾತ್ರ ನನ್ನ ಕೊರಳಿನ ಶಿವದಾರ ಜಗ್ಗಿ ನೋಡಿ, ಲಿಂಗವಿದ್ದ ಬೆಳ್ಳಿ ಕರಡಿಗೆಯ ಮುಚ್ಚಳ ಬಿಗಿ ಮಾಡಿದಳು.

"ಅಲ್ಲೆ ಊಟ ಸಿಗಲಿ, ಬಿಡಲಿ. ಲಿಂಗ ಮಾತ್ರ ಮೈ ಬಿಟ್ಟು ಇಳೀಬಾರದು. ಹೊರಗಿನ ಮಂದಿ ಕೈಯಾಗ ಕೊಡಬಾರದು. ತಿಳೀತಿಲ್ಲೋ?"

"ಹೂನಬೇ" ಎಂದೆ.

ಎರಡನೇ ವಾರ ಶಾಲೆಯ ಕೊಳದಲ್ಲಿ ಈಜಿನ ತರಗತಿ ಬಂತು. ಊರ ಕೆರೆಯಲ್ಲಿ ಲಿಂಗ ಕೊರಳಲ್ಲಿದ್ದೇ ಧುಮುಕುತ್ತಿದ್ದವನಿಗೆ ಈಜೇನು ಹೊಸದಲ್ಲ. ಆದರೆ ಬಿಳಿಗೂದಲಿನ ಮಾಸ್ತರರು ನನ್ನ ಕೊರಳು ತೋರಿಸಿ, ತೆಗೆದಿಡು ಎಂದರು. ದಾರ ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ, ನಿಯಮ ಎಲ್ಲರಿಗೂ ಒಂದೇ. ಪಕ್ಕದ ಹುಡುಗಿ ಆಗಲೇ ತನ್ನ ಸರ ಬಿಚ್ಚಿಟ್ಟಿದ್ದಳು.

ಇವತ್ತು ಈಜುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಭಾರತದ ಹುಡುಗನಿಗೆ ನೀರೆಂದರೆ ಭಯ ಎಂದುಕೊಂಡಾರು ಎಂದು ಮರ್ಯಾದೆ ಅಡ್ಡ ಬಂತು. ಹೀಗಾಗಿ ಒಂದು ಶಾಣ್ಯಾತನದ ಕೆಲಸ ಮಾಡಿದೆ. ಶಿವದಾರ ತೆಗೆದು ಬೆರಳಿಗೆ ಸುತ್ತಿ, ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನೀರಿಗಿಳಿದೆ. ಕೊರಳಲ್ಲೂ ಇಲ್ಲ, ಮೈ ಬಿಟ್ಟೂ ಇಲ್ಲ. ಮಾಸ್ತರರ ಮಾತೂ ನಡೆಯಿತು, ಅಜ್ಜಿಯ ಮಾತೂ ನಡೆಯಿತು ಎಂದುಕೊಂಡೆ.

ಮುಚ್ಚಿದ ಮುಷ್ಟಿಯಿಂದ ನೀರು ಎಳೆಯಲು ಬರುವುದಿಲ್ಲ ಎಂಬುದು ಆಳಕ್ಕೆ ಹೋದ ಮೇಲೆ ಗೊತ್ತಾಯಿತು. ಮುಳುಗಿದೆ, ನೀರು ಕುಡಿದೆ, ಕೈ ಬಡಿದೆ. ಹೇಗೋ ಅಂಚಿನ ಹಗ್ಗ ಹಿಡಿದು ನೋಡಿದರೆ ಅಂಗೈ ಖಾಲಿ.

ಮತ್ತೆ ಮತ್ತೆ ಮುಳುಗಿ ಹುಡುಕಿದೆ. ಔಷಧದ ನೀರಿಗೆ ಕಣ್ಣು ಉರಿಯುತ್ತಿತ್ತು, ಎಲ್ಲಿ ನೋಡಿದರೂ ಹುಡುಗರ ಕಾಲುಗಳೇ. ಮಾಸ್ತರರು ನಾನು ಮುಳುಗಿ ಸಾಯುತ್ತಿದ್ದೇನೆಂದು ರಟ್ಟೆ ಹಿಡಿದು ದಡಕ್ಕೆ ಎಳೆದುಹಾಕಿದರು. ಬರುವಷ್ಟು ಇಂಗ್ಲಿಷೂ ಹೆಚ್ಚುಕಡಿಮೆ ಮರೆತುಹೋಗಿತ್ತು. "ನನ್ನ ದೇವರು ಕೆಳಗೆ ಬಿದ್ದಿದೆ" ಎಂದಷ್ಟು ಇಂಗ್ಲಿಷಿನಲ್ಲಿ ತೊದಲಿ ಅಳತೊಡಗಿದೆ. ಯಾರೋ ಕಿಸಕ್ಕನೆ ನಕ್ಕರು. ತಳದಲ್ಲಿ ನೀರು ಹೊರಹೋಗುವ ಜಾಲರಿಯೊಳಗೆ ಹೋಗಿಬಿಟ್ಟರೆ ಏನು ಗತಿ? ಲಿಂಗ ಕಳೆದುಕೊಂಡವನು ಅದು ಸಿಗುವ ತನಕ ಹನಿ ನೀರೂ ಕುಡಿಯಬಾರದು ಎಂದು ಕೇಳುತ್ತ ಬೆಳೆದವನು ನಾನು. ಹೊಟ್ಟೆಯ ತುಂಬ ಆ ಕೊಳದ ನೀರೇ ಇತ್ತು.

ಮಾಸ್ತರರು ನಗಲಿಲ್ಲ. ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಕರೆದರು. ನೀರು ನಿಧಾನಕ್ಕೆ ತಿಳಿಯಾಯಿತು. ಅಂಚಿಗುಂಟ ಬಗ್ಗಿ ನೋಡುತ್ತ ನಡೆದು, ಒಂದು ಕಡೆ ಜಿಗಿದರು. ಬರಿಗೈಯಲ್ಲಿ ಮೇಲೆ ಬಂದರು. ಮತ್ತೆ ಮುಳುಗಿದರು. ಈ ಸಲ ಎಷ್ಟು ಹೊತ್ತಾದರೂ ಬರಲಿಲ್ಲ. ಈ ಮುದುಕರಿಗೂ ಏನಾದರೂ ಆದರೆ ಎಂದು ನಾನು ಅಂಚಿಗೆ ಹೋಗಿ ಬಗ್ಗಿ ನೋಡಿದೆ.

ಮೊದಲು ಕಂಡದ್ದು ಅವರ ಕೈ. ಎರಡು ಬೆರಳಲ್ಲಿ ಶಿವದಾರದ ತುದಿಯನ್ನಷ್ಟೇ ಹಿಡಿದಿದ್ದರು. ಕೆಳಗೆ ಕರಡಿಗೆ ತೂಗುತ್ತಿತ್ತು, ಅದಕ್ಕೆ ಅವರ ಕೈ ತಾಗಿರಲಿಲ್ಲ. ನಾನು ಚಾಚಿದ ಬೊಗಸೆಯಲ್ಲಿ ಮೆಲ್ಲಗೆ ಇಳಿಸಿ ದಾರ ಬಿಟ್ಟರು. ಮುಚ್ಚಳ ತೆಗೆದು ನೋಡಿದೆ. ಲಿಂಗ ಒಳಗೇ ಇತ್ತು.

ದಾರ ಮಾತ್ರ ಯಾಕೆ ಹಿಡಿದಿರಿ ಎಂದು ಆಮೇಲೆ ಕೇಳಿದೆ. "ದೇವರು ಅಂದೆಯಲ್ಲ. ದೇವರನ್ನು ಹೇಗೆ ಹಿಡಿಯಬೇಕೋ ನನಗೆ ಗೊತ್ತಿರಲಿಲ್ಲ" ಎಂದರು. ಮುಂದಿನ ವಾರ ಅವರೇ ಬ್ಯಾಂಡೇಜು ಬಟ್ಟೆ ಕೊಟ್ಟು, ಲಿಂಗವನ್ನು ತೋಳಿಗೆ ಕಟ್ಟಿಕೊಂಡು ಈಜು ಎಂದರು.

ಊರಿಗೆ ಮರಳುವ ದಾರಿಯುದ್ದಕ್ಕೂ ಅಜ್ಜಿಗೆ ಹೇಳುವುದು ಹೇಗೆ ಎಂಬ ಒಂದೇ ಚಿಂತೆ. ಮನೆ ಮುಟ್ಟಿದ ಕೂಡಲೇ ಅಳುತ್ತ ಎಲ್ಲ ಹೇಳಿಬಿಟ್ಟೆ. ಕಡಲೆ ಹಸನು ಮಾಡುತ್ತಿದ್ದ ಅಜ್ಜಿಯ ಕೈ ಮೊರದಲ್ಲೇ ನಿಂತಿತು.

"ಮುಟ್ಟಬ್ಯಾಡ್ರಿ ಅಂತ ನೀ ಹೇಳಿದ್ದಿ ಏನು?"

"ಇಲ್ಲಬೇ. ಅವರಾಗೇ ಮುಟ್ಟಲಿಲ್ಲ."

"ಮತ್ತ್ಯಾಕ ಅಳ್ತೀಯೋ? ಆಂವ ಮಂದಿ ಅಲ್ಲ ತಗೋ. ನಮ್ಮಾಂವನಽ" ಎಂದು ಅಜ್ಜಿ ಮತ್ತೆ ಮೊರಕ್ಕೆ ಕೈಹಾಕಿದಳು.

ಆ ಮಾಸ್ತರರ ಹೆಸರನ್ನು ಸರಿಯಾಗಿ ಹೇಳಲು ನನಗೆ ಕೊನೆಗೂ ಬರಲಿಲ್ಲ. ಆದರೆ ಇಂದಿಗೂ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ, ನೀರಿನಿಂದ ಎದ್ದು ಬಂದ ಆ ಎರಡು ಬೆರಳು ಕಣ್ಣ ಮುಂದೆ ಬರುತ್ತವೆ.