ಡ್ರೈವ್‌ವೇ ತುಂಬ ಬರಾಹೋನಾ

ಸ್ಯಾನ್ ಡಿಯಾಗೋದ ಆ ಬೀದಿಯಲ್ಲಿ ದಿನವೂ ರಂಗೋಲಿ ಕಾಣುವುದು ಒಂದೇ ಮನೆಯ ಮುಂದೆ. ಜಯದೇವಿ ಸ್ನಾನ ಮಾಡಿ, ಕೊರಳಿನ ಲಿಂಗಕ್ಕೆ ಪೂಜೆ ಮುಗಿಸಿ, ರಂಗೋಲಿ ಬಟ್ಟಲು ಹಿಡಿದು ಹೊರಗೆ ಬರುತ್ತಾಳೆ. ಆಮೇಲೆ ರೊಟ್ಟಿ ಕೆಲಸ. ಕಾರಿನಲ್ಲಿ ಎರಡು ತಾಸು ದೂರದ ಪೊಮೊನಾ ಊರಿನಿಂದ ಇಲ್ಲಿಯ ತನಕ ಉತ್ತರ ಕರ್ನಾಟಕದ ಮನೆಗಳಿಗೆಲ್ಲ ಅವಳು ತಟ್ಟಿದ ಖಡಕ್ ರೊಟ್ಟಿಯೇ ಆಗಬೇಕು.

ಕೊರೋನಾ ಕಾಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಾಗ, ಈ ರಂಗೋಲಿ ನೋಡಿಯೇ ಎದುರು ಮನೆಯ ಆಲ್ತಗ್ರಾಸಿಯಾ ಮಾತಿಗೆ ನಿಂತವಳು. ಕೆರಿಬಿಯನ್ ಕಡಲಿನ ಡೊಮಿನಿಕನ್ ದೇಶದಲ್ಲಿ ಬರಾಹೋನಾ ಎಂಬ ಪ್ರಾಂತ್ಯ ಅವಳದು. ಇಬ್ಬರದೂ ಹರುಕು ಇಂಗ್ಲಿಷ್. ರಸ್ತೆಯ ಆಚೆ ಈಚೆ ನಿಂತೇ ಅವಳು ತನ್ನ ನೆಲವನ್ನೆಲ್ಲ ಹೇಳಿದಳು. ಅಲ್ಲಿ ಬೆಟ್ಟ ನೇರ ಕಡಲಿಗೇ ಇಳಿಯುತ್ತದೆಯಂತೆ. ತಣ್ಣನೆಯ ಹೊಳೆ ದಂಡೆಯ ಕಲ್ಲುಗಳ ನಡುವೆ ಮಡುವಾಗಿ ನಿಂತು, ಅಲ್ಲಿಂದ ಉಪ್ಪುನೀರಿಗೆ ಸೇರುತ್ತದೆಯಂತೆ. ಲಾರಿಮಾರ್ ಎಂಬ ನೀಲಿ ಕಲ್ಲು ಆ ಬೆಟ್ಟ ಬಿಟ್ಟರೆ ಮತ್ತೆಲ್ಲೂ ಸಿಗುವುದಿಲ್ಲ. ಪ್ರಾಂತ್ಯದ ಗಡಿ ದಾಟಿದರೆ ಸಮುದ್ರಕ್ಕಿಂತ ಉಪ್ಪಾದ ಕೆರೆ, ಅದರೊಳಗೆ ಮೊಸಳೆ.

ಕೂಡಲಸಂಗಮದ ಮಗ್ಗುಲಲ್ಲಿ ಹುಟ್ಟಿದ ಜಯದೇವಿಯ ಮನಸ್ಸು ಹೊಳೆ ಕಡಲು ಕೂಡುವ ಜಾಗದಲ್ಲೇ ನಿಂತುಬಿಟ್ಟಿತು. ಆ ಮಡುವಿನಲ್ಲಿ ಕೂತು ಲಿಂಗಕ್ಕೆ ನೀರೆರೆಯಬೇಕು. ಈ ವರ್ಷ ಆಲ್ತಗ್ರಾಸಿಯಾ ಊರಿಗೆ ಹೊರಟಾಗ, ರೊಟ್ಟಿಯ ದುಡ್ಡಿನಲ್ಲಿ, ಮಗನ ಇಮೇಲ್ ಕೊಟ್ಟು ತಾನೂ ಟಿಕೆಟ್ ತೆಗೆಸಿದಳು.

ಮಗ ಓಂಪ್ರಕಾಶ್ ಉರಿದುಬಿದ್ದ.

"ಈ ವಯಸ್ಸಿನ್ಯಾಗ ಏನ್ ಹುಚ್ಚವ್ವಾ ಇದು? ಅಲ್ಲೀ ಭಾಷಾ ಬರ್ತೈತೇನ್ ನಿನಗ?"

"ಇಲ್ಲಿಗೆ ಕರಕೊಂಡ ಬಂದ್ಯಲ್ಲ, ಆವಾಗ ಯಾವ ಭಾಷಾ ಬರ್ತಿತ್ತೋ?"

"ಲಾಂಗ್ ಬೀಚ್‌ನಿಂದ ಕ್ರೂಸ್ ಬುಕ್ ಮಾಡ್ತೀನಿ. ರಾಚಯ್ಯ ಅಂಕಲ್ ಮನಿಯವ್ರೂ ಹೊಂಟಾರ. ಆರಾಮ ಮೆಕ್ಸಿಕೋ ನೋಡ್ಕೊಂಡ್ ಬಾ. ಸಮುದ್ರ ಅಂದ್ರ ಸಮುದ್ರ."

"ಅದು ಬ್ಯಾರೆ ಸಮುದ್ರ. ಹಡಗಿನ್ಯಾಗ ರಾಚಯ್ಯನ ಗೊರಕಿ ಕೇಳಾಕ ನಾ ಒಲ್ಲೆ."

ಸೊಸೆ ಶೀತಲ್ ನಗು ತಡೆಯಲಾರದೆ ಸಿಂಕಿನ ಕಡೆ ತಿರುಗಿದಳು.

"ಟಿಕೆಟ್ ನನ್ನ ಇಮೇಲ್‌ಗೇ ಬಂದೈತಿ. ನಾಳೆ ಆಫೀಸಿಗೆ ಹೋದವನ ಕ್ಯಾನ್ಸಲ್ ಮಾಡ್ತೀನಿ," ಎಂದು ಓಂಪ್ರಕಾಶ್ ಎದ್ದುಹೋದ.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಮೇಲೆದ್ದಿತು. ಕಾರು ಒಂದು ಮಾರು ಹಿಂದೆ ಬಂದು ಗಕ್ಕನೆ ನಿಂತಿತು. ಗ್ಯಾರೇಜಿನಿಂದ ರಸ್ತೆಯ ತನಕ ಡ್ರೈವ್‌ವೇ ತುಂಬ ರಂಗೋಲಿ: ಬಿಳಿಯ ಬೆಟ್ಟಸಾಲು, ಹಸಿರು ಕೆರೆ, ಕಡಲಿಗೆ ಇಳಿಯುವ ನೀಲಿ ಗೆರೆ. ಕಡಲಿನ ಅಂಚಿಗೆ ಬಟ್ಟಲು ಹಿಡಿದು ಜಯದೇವಿ ನಿಂತಿದ್ದಳು. ಅವರ ಮನೆತನದಲ್ಲಿ ರಂಗೋಲಿ ತುಳಿದವರಿಲ್ಲ.

"ಅವ್ವಾ, ಅಳಸು ಅದನ್ನ! ಮೀಟಿಂಗ್ ಐತಿ."

"ಅಳಸಂಗಿಲ್ಲ. ಮ್ಯಾಲ ಹಾಯಿಸ್ಕೊಂಡ್ ಹೋಗು. ಟಿಕೆಟ್ ಕ್ಯಾನ್ಸಲ್ ಮಾಡಾಂವಗ ಇದೇನ್ ದೊಡ್ಡದು?"

ಅವನು ಇಳಿದು ಬಂದ. ಬೆಟ್ಟದ ಬುಡದಲ್ಲಿ ಕಾಲು ತಾನಾಗಿಯೇ ನಿಂತಿತು. ಅಷ್ಟರಲ್ಲಿ ಕಾಫಿ ಕಪ್ಪಿನೊಂದಿಗೆ ಬಂದ ಆಲ್ತಗ್ರಾಸಿಯಾ ರಸ್ತೆಯಾಚೆಯಿಂದ ಕೂಗಿದಳು: "ಅಯ್ಯೋ, ಆ ಕೆರೆಯಲ್ಲಿ ತಾವರೆ ಎಲ್ಲಿಂದ ಬಂತು? ಅದು ಉಪ್ಪುಕೆರೆ!"

ಕೈ ರೂಢಿಯಲ್ಲಿ ತಾವರೆ ಬಿಡಿಸಿತ್ತು. ಜಯದೇವಿ ಕೂತು ಅದನ್ನು ಅಂಗೈಯಿಂದ ಒರೆಸಿ, ಮೊಸಳೆ ಬಿಡಿಸತೊಡಗಿದಳು.

"ಹಲ್ಲಿ ಆಗಾಕತ್ತೈತಿ," ಎಂದ ಓಂಪ್ರಕಾಶ್, ಸಿಟ್ಟಿನಲ್ಲೇ. ಆಮೇಲೆ ಬಗ್ಗಿ ನೋಡಿ ಕೇಳಿದ, "ಈ ನೀಲಿ ಗೆರಿ ಏನು?"

"ಹೊಳಿ. ಅದರಾಗ ಕುಂತು ಪೂಜಾ ಮಾಡಾಕಿ ನಾ. ನಿನ್ನ ಮನಿ ನಳದ ನೀರು ಕೆಟ್ಟದ್ದು ಅಂತ ಎಂದೂ ಹೆಸರಿಟ್ಟಿಲ್ಲಪ್ಪಾ. ಆದ್ರ ಹರಿಯೋ ನೀರು ಮುಟ್ಟಿ ಎಷ್ಟ್ ವರ್ಷ ಆತು? ನಾ ನಿನ್ನ ಕೇಳಾಕತ್ತಿಲ್ಲ, ಹೊಂಟೀನಿ ಅಂತ ಹೇಳಾಕತ್ತೀನಿ."

ಅವನು ಕಾರನ್ನು ಒಳಗೆ ಹಾಕಿ, ಫೋನಿನಲ್ಲಿ ಟ್ಯಾಕ್ಸಿ ಕರೆದ. ರಂಗೋಲಿಯನ್ನು ಬಳಸಿ, ಹುಲ್ಲಿನ ಮೇಲೆ ನಡೆದು ಹೋಗಿ ಹತ್ತಿದ. ಕಿಟಕಿ ಇಳಿಯಿತು.

"ಟಿಕೆಟ್ ಇರ್ಲಿ ಬಿಡು. ಆದ್ರ ಆ ಮೊಸಳಿ ಕೆರಿ ಕಡೆ ಮಾತ್ರ ಹೋಗಬ್ಯಾಡ."

"ಮೊದಲ ಅಲ್ಲಿಗೇ ಹೋಗಾಕಿ," ಎನ್ನುತ್ತ ಜಯದೇವಿ ಮೊಸಳೆಗೆ ಉದ್ದನೆಯ ಬಾಲ ಎಳೆದಳು.