ಸಾಕ್ಷಿಯ ವಿಳಾಸ

2006ರ ಜೂನ್ 11, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಟೈಪ್‌ರೈಟರ್ ಮುಂದೆ ಇಲ್ಲದಾಗಲೂ ಅಕ್ಕೋರ ಎಡಗೈ ಕಿರುಬೆರಳು ಹೊರಕ್ಕೆ ಬಾಗಿಯೇ ಇರುತ್ತಿತ್ತು. ಅವತ್ತು ಆ ಬೆರಳಿಗೆ ಕೈಚೀಲ ಸಿಕ್ಕಿಸಿಕೊಂಡು ನನ್ನ ಜೊತೆ ಮನೆ ನೋಡಲು ಹೊರಟರು. ನಾನು ಡೈರಿಯಲ್ಲಿ ಹೊತ್ತು ಬರೆದುಕೊಳ್ಳುವುದನ್ನು ಕಂಡು, "ನಡಿಯವ್ವಾ ಚಿತ್ರಗುಪ್ತಿ, ನೀ ಬರಿಯೂದ್ರಾಗ ಮನಿ ಬ್ಯಾರೆಯವರ ಪಾಲಾದೀತು" ಎಂದರು.

ಅಕ್ಕೋರು ನಾರಾಯಣಗೂಡದ ನಮ್ಮ ಹಾಸ್ಟೆಲ್ ಪಕ್ಕದ ಗಲ್ಲಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ಕಲಬುರಗಿ ಕಡೆಯವರು, ಒಂಟಿ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕ್ಲಾಸು, ಹಿಂದಿನದರಲ್ಲಿ ವಾಸ, ಮೇಲಿನ ಮಹಡಿಯಲ್ಲಿ ಮಾಲೀಕರು. ಹತ್ತೊಂಬತ್ತು ವರ್ಷದಿಂದ ಅದೇ ಮನೆ. ಊರೆಲ್ಲ ಕಂಪ್ಯೂಟರ್ ಕಲಿಯಲು ಓಡುತ್ತಿತ್ತು; ಅವರ ಆರು ಯಂತ್ರಗಳಲ್ಲಿ ನಾಲ್ಕು ಮುಸುಕು ಹಾಕಿಕೊಂಡಿದ್ದವು. ಉಳಿದ ಎರಡರಲ್ಲಿ ಜನರ ಅರ್ಜಿ, ದೂರು ಟೈಪ್ ಮಾಡಿಕೊಡುತ್ತಿದ್ದರು. ಬಂದವರು ಅತ್ತರೆ, "ಅಳೂದು ಮನ್ಯಾಗ ಮಾಡ್ರಿ. ಏನಂದ್ರು, ಎಷ್ಟೊತ್ತಿಗಂದ್ರು, ಇಲ್ಲಿ ಅಷ್ಟ ಹೇಳ್ರಿ" ಎನ್ನುತ್ತಿದ್ದರು.

ನಾನು ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿ ಎಂಟು ತಿಂಗಳಾಗಿತ್ತು. ತಂಗಿಗೆ ಕೋಠಿಯ ಕಾಲೇಜಿನಲ್ಲಿ ಸೀಟು ಸಿಕ್ಕಿ, ಇಬ್ಬರಿಗೂ ಒಂದು ಮನೆ ಬೇಕಿತ್ತು. ಅದುವರೆಗೆ ನೋಡಿದ್ದು ಹನ್ನೊಂದು. ಹನ್ನೊಂದರಲ್ಲೂ ತೆಲುಗಿನಲ್ಲಿ ಜಾತಿ ಕೇಳಿದ್ದರು, ಆಮೇಲೆ ಮನೆ ಇಲ್ಲ ಎಂದಿದ್ದರು.

ಹನ್ನೆರಡನೆಯ ಮನೆಯ ಮಾಲೀಕರು ಬಟ್ಟೆ ವ್ಯಾಪಾರಿ. ನಮ್ಮ ಮಾತು ಕೇಳಿ ಮುಖ ಅರಳಿಸಿದರು. "ಅಯ್ಯ, ನಮ್ಮ ಕಡೆಯವರ ಅದೀರಲ್ಲ! ಯಾವೂರವಾ?"

ಊರು ಹೇಳಿದೆ.

"ನಮ್ಮ ಅತ್ತಿ ಮನಿ ಊರ ಅದು! ಏ, ಚಾ ಇಡ" ಎಂದು ಒಳಗೆ ಕೂಗಿ, ಬೀಗದ ಕೈ ನನ್ನ ಕೈಗೇ ಕೊಟ್ಟರು. "ಮನಿ ಎಲ್ಲಿ ಬರತೈತಿ? ಅಗಸಿ ಒಳಗೋ, ಹೊರಗೋ?"

ತೆಲುಗಿನಲ್ಲಿ ಕೇಳಿದ್ದರೆ ಎಚ್ಚರವಾಗಿರುತ್ತಿದ್ದೆ. ಮನೆ ಹುಡುಕುವಾಗ ಮೊದಲ ಸಲ ಕನ್ನಡ ಕಿವಿಗೆ ಬಿದ್ದ ಖುಷಿಯಲ್ಲಿ, "ಹೊರಗ್ರಿ, ಹಳ್ಳದ ಕಡೆ" ಎಂದುಬಿಟ್ಟೆ. ಅಗಸಿ ಎಂದರೆ ಊರಬಾಗಿಲು. ಅದರ ಹೊರಗೆ, ಹಳ್ಳದ ಕಡೆ ಇರುವುದು ದಲಿತರ ಓಣಿ ಒಂದೇ.

"ಕೀಲಿಕೈ ಕೊಡಿಲ್ಲೆ" ಎಂದು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡರು. "ಬ್ಯಾಡ, ಕಟ್ಟಿ ಮ್ಯಾಲ ಇಡು." ಆಮೇಲೆ ಅಕ್ಕೋರ ಕಡೆ ತಿರುಗಿದರು. "ನೀವರ ಮೊದಲ ಹೇಳಬಾರದೇನ್ರಿ? ಅಂಥಾ ಮಂದಿಗೆ ನಾವು ಮನಿ ಕೊಡಂಗಿಲ್ಲ. ನೀವು ಚಾ ಕುಡದು ಹೋಗ್ರಿ."

ಅಕ್ಕೋರು ಚಾ ಕುಡಿಯಲಿಲ್ಲ. ಗೇಟಿನ ಹೊರಗೆ ಬಂದು, "ಟೈಮ್ ಬರಕೊಂಡಿಯೇನು?" ಎಂದರು. ಹನ್ನೊಂದು ಗಂಟೆ ಐದು ನಿಮಿಷ.

ಮಧ್ಯಾಹ್ನ ಅಕ್ಕೋರು ಪರಿಶಿಷ್ಟ ಜಾತಿ ಆಯೋಗದ ಕಚೇರಿಗೆ ದೂರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಕನ್ನಡದಲ್ಲಿ ಓದಿ ಹೇಳಿದರು. "ಅವಮಾನ ಮಾಡಿದ್ರು ಅಂತ ಹಾಕ್ರಿ" ಎಂದೆ.

"ಕಟ್ಟಿ ಮ್ಯಾಲ ಇಡು ಅಂದದ್ದು ಹಾಕೀನಿ. ಓದಾಂವಗ ಅಷ್ಟ ಸಾಕು."

ಆಮೇಲೆ ಇನ್ನೊಂದು ಹಾಳೆ ಏರಿಸಿದರು. ಸಾಕ್ಷಿಯ ಹೇಳಿಕೆ. ತಮ್ಮ ಹೆಸರು, ಹತ್ತೊಂಬತ್ತು ವರ್ಷದ ವಿಳಾಸ, ಕೇಳಿದ ಮಾತು. ಕೊನೆಗೆ ಎರಡು ಸಾಲು: "ಮಾಲೀಕರು ನನ್ನನ್ನು ತಮ್ಮ ಪೈಕಿ ಎಂದು ತಿಳಿದು ನನ್ನೆದುರು ಹೀಗೆ ಹೇಳಿದರು. ನಾನೂ ಅಗಸಿಯ ಹೊರಗೆ ಹುಟ್ಟಿದವಳು."

ಎಂಟು ತಿಂಗಳಲ್ಲಿ ಅವರ ಮನೆಯಲ್ಲಿ ಮೂವತ್ತೊಂದು ಸಲ ಉಂಡದ್ದು ಡೈರಿಯಲ್ಲಿದೆ. ಇದು ಮಾತ್ರ ಗೊತ್ತಿರಲಿಲ್ಲ.

"ಮ್ಯಾಲಿನವರಿಗೆ ಗೊತ್ತೈತೇನ್ರಿ?"

"ಗೊತ್ತಿದ್ರ ಇಷ್ಟು ವರ್ಷ ಇಲ್ಲಿ ಇರತಿದ್ನೇನು?"

"ಹಂಗಾರ ಆ ಸಾಲು ತೆಗೀರಿ ಅಕ್ಕೋರ. ನನಗ ಆ ಮನಿ ಬ್ಯಾಡ."

"ಊರ ಮಂದಿದೆಲ್ಲಾ ಖರೇ ಬರದು, ನಂದಷ್ಟ ಮುಚ್ಚಿಡ್ಲೇನು? ಸುಮ್ಮ ಟಪಾಲಿಗೆ ಹಾಕು."

ಜೂನ್ 13ರಂದು ಅಬಿಡ್ಸ್ ಅಂಚೆ ಕಚೇರಿಯಿಂದ ರಿಜಿಸ್ಟರ್ ಮಾಡಿದೆ. ಜುಲೈ 3ರಂದು ವಿಚಾರಣೆಗೆ ಬಂದವನು ಅಕ್ಕೋರ ಹೇಳಿಕೆಯನ್ನು ಮಹಡಿ ಮೆಟ್ಟಿಲ ಬುಡದಲ್ಲೇ ನಿಂತು ತೆಲುಗಿಗೆ ತಿರುಗಿಸಿ ಜೋರಾಗಿ ಓದಿ, "ಇದು ನಿಮ್ಮದೇನಾ?" ಎಂದು ಕೇಳಿದ. ಅಕ್ಕೋರು ಹೌದು ಎಂದರು. ಮೇಲಿನಿಂದ ಮಾಲೀಕಮ್ಮ ಕೇಳುತ್ತಿದ್ದರು. ಮರುದಿನ ಅಕ್ಕೋರು ಅವರ ಸ್ಟೀಲ್ ಡಬ್ಬಿ ಹಿಂದಿರುಗಿಸಲು ಹೋದರೆ, "ಅದಿ ಮೀರೇ ಉಂಚುಕೋಂಡಿ" ಎಂದರಂತೆ. ನೀವೇ ಇಟ್ಟುಕೊಳ್ಳಿ ಎಂದು. ಅದೇ ಉಸಿರಿನಲ್ಲಿ, ಮೂರು ದಿನದಲ್ಲಿ ಮನೆ ಬಿಡಿ ಎಂದರಂತೆ. ಹತ್ತೊಂಬತ್ತು ವರ್ಷ ಆ ಡಬ್ಬಿ ಮೇಲೂ ಕೆಳಗೂ ಓಡಾಡಿತ್ತು.

ಜುಲೈ 7ರ ಸಂಜೆ ಆರೂ ಇಪ್ಪತ್ತಕ್ಕೆ ನಾನು ಕೆಲಸದಿಂದ ಬಂದಾಗ ಅಕ್ಕೋರ ಬಾಗಿಲಿಗೆ ಬೀಗ, ಗೋಡೆಗೆ ಟು-ಲೆಟ್ ಬೋರ್ಡು. ಹಾಸ್ಟೆಲ್ ವಾಚ್‌ಮನ್ ಕೈಯಲ್ಲಿ ನನಗೊಂದು ಚೀಟಿ: "ದೂರಿನ ಬೆನ್ನು ಬಿಡಬ್ಯಾಡ." ಎಲ್ಲಿಗೆ ಹೋದರೆಂದು ಅದರಲ್ಲಿ ಇರಲಿಲ್ಲ. ಯಂತ್ರಗಳನ್ನು ಒಯ್ದ ಟೆಂಪೋದವನು ಯಾರೆಂದು ಗಲ್ಲಿಯಲ್ಲಿ ಯಾರೂ ಹೇಳಲಿಲ್ಲ.

ಆಗಸ್ಟ್ 21ರಂದು ಕಚೇರಿಯ ಉತ್ತರ ಬಂತು. "ಸಾಕ್ಷಿಯು ನಮೂದಿಸಿದ ವಿಳಾಸದಲ್ಲಿ ವಾಸವಿಲ್ಲದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ." ಐದು ಸಲ ಓದಿದೆ. ವಾಸ ಯಾಕಿಲ್ಲ ಎಂದು ಬರೆದು ನಾಲ್ಕು ಪತ್ರ ಹಾಕಿದ್ದೇನೆ. ಅಕ್ಕೋರು ಕಲಿಸಿದ ಹಾಗೆ, ಆದದ್ದಷ್ಟನ್ನೇ. ಉತ್ತರವಿಲ್ಲ. ತಂಗಿ ಹಾಸ್ಟೆಲಿನಲ್ಲಿ ನನ್ನ ಮಂಚದಲ್ಲೇ ಮಲಗುತ್ತಾಳೆ.

ಅಕ್ಕೋರು ಈಗ ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಅವರನ್ನು ಕೇಳದೆ ಆ ವಿಳಾಸವನ್ನು ನಾನು ಯಾವ ಕಚೇರಿಗೂ ಕೊಡುವುದಿಲ್ಲ.