ಚಪ್ಪಾಳೆಗೆ ಬಂದ ಮೀನು

ಗಿರಿಜಾದೇವಿ ಆಂಟಿಯ ಕಾರಿನ ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದು ಮಂಡಕ್ಕಿ ಚೀಲ ಇರುತ್ತಿತ್ತು. ನಾವಿದ್ದ ಓಲ್ಡ್ ಬ್ರಿಡ್ಜ್‌ನಿಂದ ಇಂಡಿಯನ್ ಅಂಗಡಿಗಳಿರುವ ಎಡಿಸನ್‌ಗೆ ಹೋಗಿ ಬೇಳೆ, ಜೋಳದ ಹಿಟ್ಟು ತರುವಾಗಲೆಲ್ಲ ಎರಡು ಚೀಲ ಮಂಡಕ್ಕಿ ತರುತ್ತಿದ್ದರು. ಒಂದು ಮನೆಗೆ, ಇನ್ನೊಂದು ಕೆರೆಗೆ.

"ಮನೆ ಚೀಲ ಖಾಲಿ ಆಗಿ ಎಷ್ಟು ದಿನ ಆತು, ಕೇಳೋರೇ ಇಲ್ಲ," ಎಂದು ಅವರ ಗಂಡ ಗದಿಗೆಪ್ಪ ಅಂಕಲ್ ಗೊಣಗುತ್ತಿದ್ದರು. "ಮೀನಿಗೆ ಮಾತ್ರ ತಪ್ಪಂಗಿಲ್ಲ. ನನಗೂ ಒಂದು ಬಾಲ ಇದ್ದಿದ್ರೆ ಮಂಡಕ್ಕಿ ಗಿರ್ಮಿಟ್ ಸಿಗ್ತಿತ್ತು."

"ಬಾಲ ಇಲ್ಲ ಅಂತ ಯಾರು ಹೇಳಿದ್ರು ನಿಮಗೆ?"

ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರಿದ್ದ ನಾನು ಅವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಶನಿವಾರ ಬೆಳಿಗ್ಗೆ ಆಂಟಿ ಕೆರೆಗೆ ಹೊರಟರೆ ಅನೇಕ ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ಅವರ ಬದುಕಿನ ಕಥೆ ನನಗೆ ತಿಳಿದದ್ದು ಹೆಚ್ಚಾಗಿ ಆ ದಾರಿಯಲ್ಲೇ.

ಆಂಟಿ ಹುಟ್ಟಿದ್ದು ಹರಿಹರದ ಕೆಳಗೆ, ತುಂಗಭದ್ರೆಯ ದಂಡೆಯ ಒಂದು ಊರಿನಲ್ಲಿ. ಅವರ ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ದಿನವೆಲ್ಲ ಉರಿಯ ಮುಂದೆ ನಿಂತು, ಸಂಜೆ ಹುಬ್ಬಿನ ಮೇಲೆ ಬೂದಿ ಕೂರಿಸಿಕೊಂಡು ಮನೆಗೆ ಬರುತ್ತಿದ್ದರು. ಜರಡಿಯ ಕೆಳಗೆ ಉಳಿದ ಪುಡಿ ಮಂಡಕ್ಕಿಯನ್ನು ಟವೆಲ್ಲಿನಲ್ಲಿ ಕಟ್ಟಿ ತರುತ್ತಿದ್ದರು. ಅದು ಮೀನಿಗೆ. ಊರಿನ ಮಠದ ಮುಂದೆ ಹೊಳೆಗೆ ಇಳಿಯುವ ಮೆಟ್ಟಿಲುಗಳಿದ್ದವು. ಆ ಮೆಟ್ಟಿಲಿನ ಬಳಿಯ ಮೀನನ್ನು ಯಾರೂ ಹಿಡಿಯುವಂತಿರಲಿಲ್ಲ. ಬಲೆ ಬೀಸಿ ಬದುಕುವವರೂ ಅಲ್ಲಿಗೆ ಬಂದಾಗ ಬಲೆ ಎತ್ತಿಕೊಂಡು ಮುಂದೆ ಹೋಗುತ್ತಿದ್ದರು. ಅವು ದೇವರ ಮೀನು. ಹುಡುಗಿ ಗಿರಿಜಾ ಕೊನೆಯ ಮೆಟ್ಟಿಲಿನಲ್ಲಿ ಕೂತು ಎರಡು ಸಲ ಚಪ್ಪಾಳೆ ತಟ್ಟಿದರೆ ನೀರು ಕುದಿಯುತ್ತಿರುವಂತೆ ಕಾಣುತ್ತಿತ್ತಂತೆ. ಅಷ್ಟು ಮೀನು, ಅಷ್ಟು ಬಾಯಿ.

ಆ ಊರಿನಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ಅವರು. ಮದುವೆಯಾಗಿ ಇಲ್ಲಿಗೆ ಬಂದು, ಮತ್ತೆ ಪರೀಕ್ಷೆ ಕಟ್ಟಿ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಹಿಡಿದರು. ನಿವೃತ್ತಿಯಾದ ವರ್ಷದ ವಸಂತದಲ್ಲಿ, ಪಕ್ಕದ ಟೌನಿನ ಪಾರ್ಕಿನಲ್ಲಿ ಮೆಟ್ಟಿಲಿರುವ ಕೆರೆಯೊಂದು ಕಣ್ಣಿಗೆ ಬಿತ್ತು. ದೋಣಿ ಇಳಿಸಲು ಯಾವ ಕಾಲದಲ್ಲೋ ಕಟ್ಟಿದ ಸಿಮೆಂಟ್ ಮೆಟ್ಟಿಲುಗಳು. ಆಂಟಿ ಅಲ್ಲಿ ಕೂತರು, ಮಂಡಕ್ಕಿ ಚೆಲ್ಲಿದರು, ಚಪ್ಪಾಳೆ ತಟ್ಟಿದರು. ಬೇಸಿಗೆ ಮುಗಿಯುವುದರೊಳಗೆ ಇಲ್ಲಿನ ಮೀನಿಗೂ ಚಪ್ಪಾಳೆ ಅರ್ಥವಾಗತೊಡಗಿತು.

ಮೇಲೆ ಬಂದು ಬಾಯಿ ತೆರೆಯುವವು ಕಾರ್ಪ್, ನಮ್ಮ ಕಡೆ ಗೆಂಡೆ ಎನ್ನುವ ಜಾತಿ. ಅವುಗಳ ನಡುವೆ ಬೇರೆಯದೊಂದಿತ್ತು. ಅದು ಮೇಲೆ ಬರುತ್ತಿರಲಿಲ್ಲ. ನೆನೆದು ತಳಕ್ಕೆ ಇಳಿದದ್ದನ್ನು ಮಾತ್ರ, ಮೂತಿಯ ಕೆಳಗಿದ್ದ ದಪ್ಪ ತುಟಿಯಿಂದ ಚೀಪಿ ಚೀಪಿ ಹೆಕ್ಕುತ್ತಿತ್ತು. "ಹಲ್ಲಿಲ್ಲದ ಅಜ್ಜಿ ಕೋಡುಬಳೆ ತಿಂದಂಗೆ," ಎಂದು ಆಂಟಿ ನಕ್ಕು, ಅದಕ್ಕೆ ಅಜ್ಜಿ ಎಂದೇ ಹೆಸರಿಟ್ಟರು.

ಆ ದಂಡೆಯ ಇನ್ನೊಬ್ಬ ಖಾಯಂ ಗಿರಾಕಿ ಟೋನಿ. ಮಡಚುವ ಕುರ್ಚಿ ಹಾಕಿಕೊಂಡು ಗಾಳ ಬಿಟ್ಟು ಕೂರುವ ನಿವೃತ್ತ ಬಸ್ ಡ್ರೈವರ್. ಹಿಡಿದ ಮೀನನ್ನು ಗಾಳ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಿದ್ದ. "ನಾನು ಹುಳ ಕೊಂಡು ತಂದು ಕಾಯ್ತೀನಿ, ನಿಮಗೆ ಚಪ್ಪಾಳೆ ಸಾಕು," ಎಂದು ಅವನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. "ಮನೆಯಲ್ಲಿ ನನ್ನ ಹೆಂಡತಿಗೂ ತಟ್ಟಿ ನೋಡಿದೆ. ಬರಲಿಲ್ಲ."

ಕಳೆದ ಮೇ ತಿಂಗಳ ಒಂದು ಶನಿವಾರ ನಾವು ಕಾರಿಳಿಯುವಾಗಲೇ ಕೆರೆಯ ಕಡೆಯಿಂದ ಚಪ್ಪಾಳೆ ಕೇಳಿಸಿತು. ಎರಡೇ ಸಲ, ಅದೇ ಅಂತರ.

ಆಂಟಿಯ ಮುಖ ಅರಳಿತು. "ಕೇಳಿದ್ಯೇನಪ್ಪಾ? ಯಾರೋ ನಮ್ಮ ಕಡೆಯೋರು ಬಂದಾರೆ! ಮೀನಿಗೆ ಹಾಕ್ತಿದಾರೆ!" ಚೀಲವನ್ನು ನನ್ನ ಕೈಗೆ ಕೊಟ್ಟು, ನೆಂಟರ ಮನೆಗೆ ಹೊರಟವರಂತೆ ಚಪ್ಪಲಿ ಸರಪರ ಎನ್ನಿಸುತ್ತ ಮುಂದೆ ನಡೆದರು.

ಮೆಟ್ಟಿಲ ಮೇಲೆ ಒಬ್ಬ ಯುವಕ ಬೆನ್ನು ಹಾಕಿ ನಿಂತಿದ್ದ. ನೀರು ಕುದಿಯುತ್ತಿತ್ತು. ಅವನ ಕೈಯಲ್ಲಿ ಬಿಲ್ಲು. ಬಾಣದ ಬಾಲಕ್ಕೆ ದಾರ, ಆ ದಾರ ಸುತ್ತಲು ಬಿಲ್ಲಿಗೇ ಬಿಗಿದ ರಾಟೆ. ನಾವು ಕೂಗುವ ಮೊದಲೇ ಬಾಣ ಬಿಟ್ಟ. ನೀರಿನೊಳಗಿನ ಏಟಿಗೆ ಶಬ್ದವೇ ಇರಲಿಲ್ಲ. ಅವನು ರಾಟೆ ಸುತ್ತಿದ. ಹೊಳೆಯುವ ಬಂಗಾರದ ಬಣ್ಣದ ಮೀನೊಂದು, ಮೈ ತೂರಿದ ಬಾಣದ ಸಮೇತ, ಮೆಟ್ಟಿಲಿಗೆ ಬಡಿದುಕೊಳ್ಳುತ್ತ ಮೇಲೆ ಬಂತು. ಅದರ ಬಾಯಿಗೆ ತಿನ್ನಲು ಏನೂ ಸಿಕ್ಕಿರಲಿಲ್ಲ. ಅವನು ಮಂಡಕ್ಕಿ ತಂದೇ ಇರಲಿಲ್ಲ, ಬರೀ ಚಪ್ಪಾಳೆ.

ತಿರುಗಿದವನ ಮುಖ ನೋಡಿ ಆಂಟಿ ನಿಂತಲ್ಲೇ ನಿಂತರು. ಅವನು ದೇವ್. ಕನ್ನಡ ಸಂಘದ ಮಾನಸಿಯ ಮಗ. ಯುಗಾದಿ ಊಟದ ಪಂಕ್ತಿಯಲ್ಲಿ ಅವನ ಎಲೆಗೆ ಇದೇ ಆಂಟಿ ಹೋಳಿಗೆ ಬಡಿಸಿದ್ದರು.

"ಓ, ಹಾಯ್ ಆಂಟಿ!" ಎಂದ, ನಿಜವಾಗಿಯೂ ಸಂತೋಷದಿಂದ. "ಯು ವೋಂಟ್ ಬಿಲೀವ್ ದಿಸ್. ಆಚೆ ದಂಡೆಯಿಂದ ನಿಮ್ಮನ್ನು ನೋಡಿದ್ದೆ. ಇಟ್ ವರ್ಕ್ಸ್! ನೀವೇ ಕಲಿಸಿದ್ದು!"

ಆಂಟಿಯ ಕಣ್ಣು ಮೆಟ್ಟಿಲಿನ ಪಕ್ಕದ ಕಸದ ಡ್ರಮ್ಮಿನ ಮೇಲಿತ್ತು. ಅದರಲ್ಲಿ ಕಾಫಿ ಕಪ್ಪುಗಳ ಮೇಲೆ ಮೀನುಗಳನ್ನು ಒಟ್ಟಲಾಗಿತ್ತು. ಎಲ್ಲದರ ಮೇಲೆ, ಮೂತಿಯ ಕೆಳಗಿನ ದಪ್ಪ ತುಟಿ ಚಾಚಿಕೊಂಡು, ಅಜ್ಜಿ. ತುಟಿ ಇನ್ನೂ ಅಲುಗುತ್ತಿತ್ತು.

ಆಂಟಿ ಡ್ರಮ್ಮಿಗೆ ಕೈಹಾಕಿ ಅಜ್ಜಿಯನ್ನು ಎತ್ತಿಕೊಂಡರು. ಮೀನು ಮುಟ್ಟಿದವರಲ್ಲ ಅವರು, ಜೀವಮಾನದಲ್ಲಿ. ಮೆಟ್ಟಿಲಿಳಿದು ನೀರಿಗೆ ಬಿಟ್ಟರು. ಅದು ಹೊಟ್ಟೆ ಮೇಲಾಗಿ ತೇಲಿತು.

"ಆಂಟಿ, ಇದು ಲೀಗಲ್. ನನ್ನ ಹತ್ರ ಲೈಸೆನ್ಸ್ ಇದೆ," ದೇವ್ ಈಗ ಗಾಬರಿಯಾಗಿದ್ದ. "ಇವೆಲ್ಲ ಟ್ರ್ಯಾಶ್ ಫಿಶ್, ಯಾರೂ ತಿನ್ನಲ್ಲ. ಕಾರ್ಪ್ ಈ ದೇಶದ್ದೇ ಅಲ್ಲ."

ಕುರ್ಚಿ ಹೊತ್ತು ಆಗಷ್ಟೇ ಬಂದ ಟೋನಿ ತೇಲುತ್ತಿದ್ದ ಮೀನನ್ನು ನೋಡಿದ. "ಇದು ಕಾರ್ಪ್ ಅಲ್ಲ, ಮಗಾ. ಇದು ಸಕರ್. ನಿನ್ನ ಅಪ್ಪ, ನನ್ನ ಅಜ್ಜ ಈ ದೇಶಕ್ಕೆ ಬರೋದಕ್ಕಿಂತ ಎಷ್ಟೋ ಮೊದಲಿನಿಂದ ಇಲ್ಲೇ ಇರೋದು."

"ಸಕರ್ ಹೊಡೆಯೋದಕ್ಕೂ ಪರ್ಮಿಷನ್ ಇದೆ," ಎಂದ ದೇವ್. ಆದರೆ ದನಿ ಇಳಿದಿತ್ತು. ಮೇಲಿನಿಂದ ನೋಡಿ ಅವನು ಅದನ್ನು ಕಾರ್ಪ್ ಎಂದೇ ತಿಳಿದಿದ್ದ.

ಪಾರ್ಕಿನೊಳಗೆ ಬಿಲ್ಲು ತರುವುದನ್ನು ನಿಲ್ಲಿಸಬೇಕೆಂದು ಟೋನಿ ಮತ್ತು ಅವನ ಗೆಳೆಯರು ಆಗಲೇ ಟೌನಿನ ಆಡಳಿತಕ್ಕೆ ಅರ್ಜಿ ಹಾಕಿದ್ದರು. ಅದರ ಸಭೆಗೆ ಆಂಟಿಯೂ ಹೊರಟರು. ಉಳಿದ ಮೀನನ್ನಾದರೂ ಉಳಿಸಬೇಕು ಎಂಬುದು ಬಿಟ್ಟು ಆ ವಾರ ಅವರ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಸಭೆಯಲ್ಲಿ ದೇವ್ ಚೆನ್ನಾಗಿಯೇ ಮಾತಾಡಿದ. ಕಾರ್ಪ್ ತಳವನ್ನು ಕೆದಕಿ ನೀರು ಕದಡುತ್ತದೆ, ಜೊಂಡು ಕೀಳುತ್ತದೆ, ಇಲ್ಲಿನ ಮೀನು ಮೊಟ್ಟೆಯಿಡಲು ಜಾಗ ಉಳಿಸುವುದಿಲ್ಲ. ಹೊರಗಿನಿಂದ ಬಂದು, ಸಂಖ್ಯೆ ಬೆಳೆಸಿಕೊಂಡು, ಊರನ್ನೇ ಕೆಡಿಸಿದ ಜಾತಿ ಎಂದ.

"ಮೀನಿನ ಸುದ್ದಿನೋ, ನಮ್ಮ ಸುದ್ದಿನೋ?" ಗದಿಗೆಪ್ಪ ಅಂಕಲ್ ಪಿಸುಗುಟ್ಟಿದರು. ಆಂಟಿ ನಗಲಿಲ್ಲ.

ಟೋನಿ ಎದ್ದು ಒಂದೇ ಮಾತು ಹೇಳಿದ: "ನಾನು ತಪ್ಪು ಮೀನು ಹಿಡಿದರೆ ವಾಪಸ್ ಬಿಡ್ತೀನಿ. ಬಾಣ ಹೊಡೆದವನು ಏನು ಬಿಡ್ತಾನೆ?"

ಆಮೇಲೆ ಆಂಟಿ. ಅವು ನಂಬಿ ಬರುತ್ತವೆ, ನಂಬಿ ಬಂದದ್ದನ್ನು ಕೊಲ್ಲಬಾರದು ಎಂದು ಹೇಳಲು ಹೊರಟರು. ಸಭೆಯ ಅಧ್ಯಕ್ಷೆ ಸೌಮ್ಯವಾಗಿಯೇ ಕೇಳಿದರು: "ಯಾಕೆ ನಂಬಿ ಬರುತ್ತವೆ, ಮೇಡಮ್?"

"ನಾನು ಊಟ ಹಾಕ್ತೀನಲ್ಲ," ಎಂದರು ಆಂಟಿ.

ಕರೆಸಿದ್ದ ಮೀನು ತಜ್ಞರೊಬ್ಬರು ಕನ್ನಡಕ ತೆಗೆದರು. ಆಳದಲ್ಲಿ ಚದುರಿ ಇರಬೇಕಾದ ಮೀನನ್ನು ನೀವು ಒಂದು ಮೂಲೆಗೆ, ತೆಳ್ಳಗಿನ ನೀರಿಗೆ ಕರೆದಿದ್ದೀರಿ ಎಂದರು. ಕಾರ್ಪ್ ಕೊಬ್ಬಿದ್ದೂ ಅದರಿಂದಲೇ, ಸಕರ್ ಬಾಣಕ್ಕೆ ಸಿಕ್ಕಿದ್ದೂ ಅದರಿಂದಲೇ. ಬೈಗುಳದ ದನಿಯಲ್ಲ, ವರದಿ ಓದುವ ದನಿ. ಆಂಟಿ ಹಾಗೇ ಕೂತುಬಿಟ್ಟರು. ತೀರ್ಮಾನವನ್ನು ಸೆಪ್ಟೆಂಬರಿಗೆ ಮುಂದೂಡಿದರು; ಅಲ್ಲಿಯವರೆಗೆ ಬಿಲ್ಲಿಗೆ ತಡೆ ಇಲ್ಲ.

ಪಾರ್ಕಿಂಗ್ ಲಾಟಿನಲ್ಲಿ ದೇವ್ ಓಡಿಬಂದ. "ಆಂಟಿ, ಸಾರಿ. ಐ ಮೀನ್ ಇಟ್. ಆ ಕೆರೆಗೆ ನಾನು ಇನ್ನು ಹೋಗಲ್ಲ." ನೆಲ ನೋಡುತ್ತ ಹೇಳಿದ: "ಆದ್ರೆ ನಾನು ವಿಡಿಯೋ ಹಾಕಿದ್ದೆ. ಚಪ್ಪಾಳೆ ತಟ್ಟೋದು. ಡಿಲೀಟ್ ಮಾಡಿದೆ, ಬಟ್... ತುಂಬಾ ಜನ ಶೇರ್ ಮಾಡಿದಾರೆ."

"ಅಂದ್ರೆ ಯಾರು ತಟ್ಟಿದ್ರೂ ಬರ್ತವೆ," ಎಂದರು ಆಂಟಿ.

"ಹೌದು ಆಂಟಿ."

"ಸೆಪ್ಟೆಂಬರ್ ತನಕ."

ಅವನು ತಲೆ ತಗ್ಗಿಸಿದ.

ಮರುದಿನ ಬೆಳಿಗ್ಗೆ ಆಂಟಿ ನನ್ನನ್ನು ಕರೆದರು. ಹಿಂದಿನ ಸೀಟಿನಲ್ಲಿ ಎಂದಿನ ಚೀಲವೇ ಇತ್ತು. ಕೆರೆಯ ಬಳಿ ಅದನ್ನು ಎತ್ತಲು ಹೋದರೆ ನನ್ನ ತೋಳು ಜಗ್ಗಿತು. ಒಳಗೆ ಮಂಡಕ್ಕಿ ಇರಲಿಲ್ಲ. ಅವರ ಮನೆಯ ಡ್ರೈವ್‌ವೇ ಅಂಚಿನ ಜಲ್ಲಿಕಲ್ಲು.

"ಆಂಟಿ, ಇದು..."

"ಕಲಿಸಿದ್ದು ನಾನೇ. ಮರೆಸೋದೂ ನಾನೇ ಮಾಡ್ಬೇಕಪ್ಪ."

ಕೊನೆಯ ಮೆಟ್ಟಿಲಿಗೆ ಇಳಿದರು. ಕೂರಲಿಲ್ಲ. ಎರಡು ಸಲ ಚಪ್ಪಾಳೆ ತಟ್ಟಿದರು. ನಡುವಿನ ನೀರಿನಲ್ಲಿ ಗೆರೆಗಳು ಎದ್ದವು, ಎಲ್ಲವೂ ನಮ್ಮ ಕಡೆಗೆ. ಮೊದಲಿನಷ್ಟಲ್ಲ, ಆದರೂ ಬಂದವು. ಬಾಯಿಗಳು ತೆರೆದವು. ದೇವರ ಮೀನಿನ ಊರಿನ ಹೆಣ್ಣುಮಗಳು ಒಂದು ಕಲ್ಲು ಎತ್ತಿಕೊಂಡು, ಕಣ್ಣು ಮುಚ್ಚದೆ, ಎಸೆದರು.

ಮೀನುಗಳು ಓಡಲಿಲ್ಲ. ಕಲ್ಲು ಬಿದ್ದ ಕಡೆಗೇ ತಿರುಗಿದವು. ಮುಂದಿದ್ದ ದೊಡ್ಡದೊಂದು ಮುಳುಗುತ್ತಿದ್ದ ಕಲ್ಲಿನ ಹಿಂದೆಯೇ ಬಾಯಿ ತೆರೆದುಕೊಂಡು ಇಳಿಯಿತು. ತಿನ್ನುವುದಕ್ಕೆ.

"ಅಯ್ಯೋ ಶಿವನೇ," ಎಂದರು ಆಂಟಿ.

ಅದು ಮತ್ತೆ ಮೇಲೆ ಬಂದು ನಮ್ಮನ್ನೇ ನೋಡುತ್ತಿತ್ತು. ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡು, ಈ ಸಲ ಚೀಲಕ್ಕೆ ಎರಡೂ ಕೈ ಹಾಕಿದರು.